ಮಕ್ಕಳ ಸಂತೆ: ವ್ಯಾಪಾರ ಎಷ್ಟು, ಲಾಭ ಎಷ್ಟು?



ನಮ್ಮ ರಾಜ್ಯದ ಎಷ್ಟೋ ಶಾಲೆಗಳಲ್ಲಿ ‘ಮಕ್ಕಳ ಸಂತೆ’ ಅಥವಾ ‘ಮೆಟ್ರಿಕ್ ಮೇಳ’ ನಡೆಯುತ್ತೆ. ಮಕ್ಕಳು ಸೊಪ್ಪು, ತರಕಾರಿ, ಮಜ್ಜಿಗೆ, ಮಂಡಕ್ಕಿ ತಂದು ಶಾಲೆ ಅಂಗಳದಲ್ಲಿ ಮಾರುತ್ತಾರೆ. ತೂಕ, ಅಳತೆ, ಚಿಲ್ಲರೆ ಲೆಕ್ಕ ಕಲಿಯಲಿ ಎಂಬುದು ಇದರ ಉದ್ದೇಶ. ರೂಪಾಯಿಗೆ 100 ಪೈಸೆ ಎಂಬ ಲೆಕ್ಕ ನಮ್ಮ ದೇಶದಲ್ಲಿ ಬಂದದ್ದು 1957ರ ಏಪ್ರಿಲ್ 1ರಿಂದ. ಆದರೂ ನಾವು ಇವತ್ತಿಗೂ ಸೇರು, ಪಾವು ಅಂತ ಮಾತಾಡ್ತೇವೆ. ಮಕ್ಕಳಿಗೆ ಎರಡೂ ಗೊತ್ತಿರಬೇಕು.

ಆದರೆ ಸಾಮಾನ್ಯವಾಗಿ ಆಗೋದು ಏನು? ಹಿಂದಿನ ದಿನ ಅವ್ವ ಸಾಮಾನು ತರ್ತಾಳೆ. ಬೆಳಿಗ್ಗೆ ಬೇಗ ಎದ್ದು ಹೆಚ್ಚಿ, ಕಲಸಿ, ಡಬ್ಬಿಗೆ ತುಂಬಿ ಕೊಡ್ತಾಳೆ. ಮಗು ಮಾರುತ್ತೆ. “ಮುನ್ನೂರು ರೂಪಾಯಿ ವ್ಯಾಪಾರ ಆಯ್ತು” ಅಂತ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿಗೆ ಮುಗೀತು. ವ್ಯಾಪಾರ ಬೇರೆ, ಲಾಭ ಬೇರೆ ಎಂಬ ಮುಖ್ಯ ಪಾಠ ಮಾತ್ರ ಉಳಿದುಬಿಡುತ್ತೆ. ಸಂಘದಲ್ಲಿ ನಗದು ಪುಸ್ತಕ, ನಿರ್ಣಯ ಪುಸ್ತಕ ಬರೆದು ಪಳಗಿದ ನೀವು ಈ ಪಾಠವನ್ನು ಮಕ್ಕಳಿಗೆ ಚೆನ್ನಾಗಿ ಕಲಿಸಬಲ್ಲಿರಿ. ಅದಕ್ಕೇ ಈ ಸಲ ಈ ವಿಷಯ ತೆಗೆದುಕೊಂಡಿದ್ದೇವೆ.

ಮೊದಲು ತಿಳಿಯಬೇಕಾದ್ದು: ಇದು ಪಾಠ, ದುಡಿಮೆ ಅಲ್ಲ

ಬಾಲಕಾರ್ಮಿಕ ಕಾಯ್ದೆ 1986ರಲ್ಲಿ ಬಂತು, 2016ರಲ್ಲಿ ತಿದ್ದುಪಡಿ ಆಯ್ತು. ಅದರ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆ ಕೆಲಸಕ್ಕೆ ಸಹಾಯ ಮಾಡಬಹುದು, ಅಷ್ಟೇ. ಆದ್ದರಿಂದ ಮಕ್ಕಳ ಸಂತೆ ಶಾಲೆಯೊಳಗೆ, ಶಿಕ್ಷಕರ ಜೊತೆ ಸೇರಿ, ವರ್ಷಕ್ಕೆ ಒಂದೆರಡು ಸಲ ನಡೆಯಲಿ. “ಚೆನ್ನಾಗಿ ಮಾರ್ತಾನೆ, ದಿನಾ ಮಾರಲಿ” ಅಂತ ಮಗುವನ್ನು ಬೀದಿಗೆ ಕಳಿಸುವುದು ಬೇಡ. ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯೋ ಕೆಲಸಕ್ಕೆ ಅಂತ ಮಕ್ಕಳನ್ನು ಶಾಲೆ ಬಿಡಿಸುವುದಂತೂ ಬೇಡವೇ ಬೇಡ.

ಕೈಕೆಲಸದ ಮೂಲಕ ಕಲಿಯಬೇಕು ಎಂಬ ವಿಚಾರ ಹಳೆಯದು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ತಮ್ಮ ಮೂಲ ಶಿಕ್ಷಣದ ಯೋಜನೆಯನ್ನು ದೇಶದ ಮುಂದಿಟ್ಟರು. ಅಮೆರಿಕದಲ್ಲಿ 1919ರಲ್ಲಿ ಶುರುವಾದ ಜೂನಿಯರ್ ಅಚೀವ್‌ಮೆಂಟ್ ಎಂಬ ಸಂಸ್ಥೆಯಲ್ಲಿ ವಿದ್ಯಾರ್ಥಿಗಳು ಸೇರಿ ಪುಟ್ಟ ಕಂಪನಿ ಕಟ್ಟುತ್ತಾರೆ. ಷೇರು ಮಾರಿ ಬಂಡವಾಳ ಕೂಡಿಸಿ, ವಸ್ತು ಮಾಡಿ ಮಾರಿ, ಕೊನೆಗೆ ಕಂಪನಿ ಮುಚ್ಚಿ ಷೇರು ಕೊಂಡವರಿಗೆ ಲೆಕ್ಕ ಒಪ್ಪಿಸುತ್ತಾರೆ. ಲೆಕ್ಕ ಒಪ್ಪಿಸದೆ ಪಾಠ ಮುಗಿಯೋದಿಲ್ಲ ಎಂಬುದೇ ಅಲ್ಲಿನ ಸ್ವಾರಸ್ಯ.

ಒಂದನೇ ಹಂತ: ಯೋಜನೆ

ಐದು ಮಕ್ಕಳ ಒಂದು ಗುಂಪು ಮಾಡಿ. ಸಂತೆಗೆ ಹತ್ತು ದಿನ ಮುಂಚೆ ಕೂತು ಈ ಪ್ರಶ್ನೆಗಳನ್ನು ಕೇಳಲಿ:

1. ಏನು ಮಾರೋದು? ಯಾರು ಕೊಳ್ತಾರೆ? ಅವರ ಕೈಯಲ್ಲಿ ಎಷ್ಟು ದುಡ್ಡು ಇರುತ್ತೆ?
2. ಉಳಿದರೆ ನಾಳೆಗೆ ಇಡಬಹುದಾ? (ಕಡಲೆಕಾಯಿ ಇಡಬಹುದು, ಕಲಸಿದ ಮಂಡಕ್ಕಿ ಇಡೋಕಾಗಲ್ಲ.)
3. ಬಂಡವಾಳ ಎಲ್ಲಿಂದ?
4. ಯಾರಿಗೆ ಯಾವ ಕೆಲಸ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ದಾವಣಗೆರೆ ಸೀಮೆಯಲ್ಲಿ ಮಂಡಕ್ಕಿ ಬೇಡ ಅನ್ನೋರು ಯಾರೂ ಇಲ್ಲ. ಒಲೆ ಹತ್ತಿರ ಹೋಗದೆ ಮಾಡಬಹುದಾದ ಖಾರ ಮಂಡಕ್ಕಿ ಮಕ್ಕಳಿಗೆ ಸರಿ. 40 ಪ್ಲೇಟ್ ಮಾಡಿ, ಪ್ಲೇಟಿಗೆ ₹10ರಂತೆ ಮಾರೋದು ಅಂತ ಇಟ್ಟುಕೊಳ್ಳಿ. (ಇಲ್ಲಿನ ದರ ಲೆಕ್ಕ ಕಲಿಯಲು ಹಾಕಿದ್ದು. ನೀವು ನಿಮ್ಮೂರಿನ ದರ ಹಾಕಿಕೊಳ್ಳಿ.)

ಬಂಡವಾಳ: ಐದು ಮಕ್ಕಳು ತಲಾ ₹20 ಹಾಕಿದರೆ ₹100. ಇನ್ನು ₹100 ಸಂಘದಿಂದ ಸಾಲ, ನೂರಕ್ಕೆ ₹2 ಬಡ್ಡಿ. ಒಟ್ಟು ₹200. ₹20 ಕೊಡಲು ಆಗದ ಮನೆಯ ಮಗು ಗುಂಪಿನಿಂದ ಹೊರಗೆ ಉಳಿಯಬಾರದು. ಅಂಥ ಕಡೆ ಎಲ್ಲರ ಪಾಲನ್ನೂ ಕಡಿಮೆ ಮಾಡಿ ಸಂಘದ ಸಾಲ ಹೆಚ್ಚಿಸಿ. ಒಬ್ಬರಿಗೆ ಮಾತ್ರ ವಿನಾಯಿತಿ ಕೊಟ್ಟರೆ ಆ ಮಗುವಿಗೆ ಅವಮಾನ.

ಕೆಲಸ ಹಂಚುವಾಗ ಒಂದು ಎಚ್ಚರ. ಹುಡುಗಿಯರು ಈರುಳ್ಳಿ ಹೆಚ್ಚೋದು, ಹುಡುಗರು ದುಡ್ಡಿನ ಡಬ್ಬಿ ಹಿಡಿಯೋದು ಅಂತ ಆಗದಿರಲಿ. ಅರ್ಧ ಹೊತ್ತು ಕಳೆದ ಮೇಲೆ ಕೆಲಸ ಬದಲಾಯಿಸಿ. ದುಡ್ಡು ಎಣಿಸೋ ಧೈರ್ಯ ಹೆಣ್ಣುಮಕ್ಕಳಿಗೆ ಇಲ್ಲಿಂದಲೇ ಬರಬೇಕು.

ಎರಡನೇ ಹಂತ: ನಡೆಸುವುದು

ಸಾಮಾನಿಗೆ ₹155 ಖರ್ಚಾಯ್ತು: ಮಂಡಕ್ಕಿ ₹60, ಈರುಳ್ಳಿ, ಟೊಮೆಟೊ, ಕೊತ್ತಂಬರಿ ₹45, ಖಾರದ ಸೇವು ₹40, ಪೇಪರ್ ಪ್ಲೇಟು ₹10. ಎಣ್ಣೆ, ಖಾರದ ಪುಡಿ, ಉಪ್ಪು ಮನೆಯದು. ಉಳಿದ ₹45 ಚಿಲ್ಲರೆಗೆ ಅಂತ ಡಬ್ಬಿಯಲ್ಲಿ ಇಟ್ಟರು.

ಸಂತೆ ದಿನ ಮೂರು ನಿಯಮ ಸಾಕು. ಕೈ ತೊಳೆದು, ಮುಚ್ಚಿದ ಪಾತ್ರೆಯಲ್ಲಿ ಆಹಾರ ಇಡಬೇಕು. ದುಡ್ಡಿನ ಡಬ್ಬಿ ಒಂದು ಹೊತ್ತಿಗೆ ಒಬ್ಬರ ಕೈಯಲ್ಲೇ ಇರಬೇಕು. ಪ್ರತಿ ಪ್ಲೇಟಿಗೆ ಕಾಗದದ ಮೇಲೆ ಒಂದು ಗೆರೆ ಹಾಕಬೇಕು. ಉದ್ರಿ ಕೊಟ್ಟರೆ ಹೆಸರು ಬರೆಯಬೇಕು. ದೊಡ್ಡವರು ಯಾರಾದರೂ ಫೋನಿನಲ್ಲಿ ಹಣ ಹಾಕ್ತೇವೆ ಅಂದರೆ ಅದನ್ನು ಬೇರೆ ಬರೆದಿಡಿ. ಇಲ್ಲದಿದ್ದರೆ ಸಂಜೆ ಡಬ್ಬಿ ಲೆಕ್ಕ ಹೊಂದೋದಿಲ್ಲ.

ತಾಯಂದಿರು ದೂರದಲ್ಲಿ ನಿಂತು ನೋಡಿ. ಮಗು ಚಿಲ್ಲರೆ ಕೊಡಲು ತಡಬಡಿಸಿದರೆ “ಕೊಡಿಲ್ಲಿ, ನಾನು ಕೊಡ್ತೀನಿ” ಅಂತ ಕೈ ಹಾಕಬೇಡಿ. ಕಲಿಯೋದೇ ಆ ತಡಬಡಿಕೆಯಲ್ಲಿ.

ನಮ್ಮ ಉದಾಹರಣೆಯಲ್ಲಿ 31 ಪ್ಲೇಟ್ ₹10ಕ್ಕೆ ಹೋಯ್ತು. ಕೊನೆಗೆ 5 ಪ್ಲೇಟನ್ನು ₹5ಕ್ಕೆ ಕೊಟ್ಟರು. 4 ಪ್ಲೇಟ್ ಮಕ್ಕಳೇ ತಿಂದರು. ಒಟ್ಟು ವ್ಯಾಪಾರ ₹335. ಅದರಲ್ಲಿ ₹10 ಉದ್ರಿ.

ಮೂರನೇ ಹಂತ: ಲೆಕ್ಕ ನೋಡುವುದು

ಅದೇ ದಿನ ಸಂಜೆ ಕೂರಬೇಕು. ಮೊದಲು ಡಬ್ಬಿ ನೋಡಿ. ಚಿಲ್ಲರೆಗೆ ಇಟ್ಟದ್ದು ₹45, ಕೈಗೆ ಬಂದ ವ್ಯಾಪಾರ ₹325, ಒಟ್ಟು ₹370 ಇರಬೇಕಿತ್ತು. ಎಣಿಸಿದರೆ ₹365. ಐದು ರೂಪಾಯಿ ಕಡಿಮೆ. ಯಾರ ಮೇಲೂ ಬೆರಳು ತೋರಿಸಬೇಡಿ. ಚಿಲ್ಲರೆ ತಪ್ಪಿರಬಹುದಾ, ಗೆರೆ ತಪ್ಪಿರಬಹುದಾ ಅಂತ ಹುಡುಕಲಿ. ಸಿಗದಿದ್ದರೆ ‘ಕಡಿಮೆ ₹5’ ಅಂತ ಪುಸ್ತಕದಲ್ಲಿ ಬರೆಯಲಿ. ತಮ್ಮ ಜೇಬಿನಿಂದ ಹಾಕಿ ಮುಚ್ಚುವುದು ಬೇಡ.

ಈಗ ಲಾಭ ಎಷ್ಟು? ಮಕ್ಕಳು ತಕ್ಷಣ ಹೇಳ್ತಾರೆ: 335ರಲ್ಲಿ 155 ಕಳೆದರೆ ₹180! ನಿಲ್ಲಿ, ಇನ್ನೂ ಕಳೆಯೋಣ.

ಮನೆಯಿಂದ ತಂದ ಎಣ್ಣೆ, ಖಾರದ ಪುಡಿ, ಉಪ್ಪು ₹25. ಉಳಿದದ್ದು ₹155.
ಡಬ್ಬಿಯಲ್ಲಿ ಕಡಿಮೆ ಬಂದದ್ದು ₹5. ಉಳಿದದ್ದು ₹150.
ಅವ್ವ ಎರಡು ಗಂಟೆ ಕೆಲಸ ಮಾಡಿದ್ದಕ್ಕೆ, ಗಂಟೆಗೆ ₹40ರಂತೆ ₹80. ಉಳಿದದ್ದು ₹70.
ಸಂಘದ ಬಡ್ಡಿ ₹2. ಉಳಿದದ್ದು ₹68.
ಉದ್ರಿ ವಸೂಲಾಗದಿದ್ದರೆ ₹10. ಉಳಿದದ್ದು ₹58.

ತಾಳೆ ನೋಡಿ: ಡಬ್ಬಿಯ ₹365ರಲ್ಲಿ ಸಂಘಕ್ಕೆ ₹102, ಮಕ್ಕಳ ಬಂಡವಾಳ ₹100, ಮನೆ ಸಾಮಾನಿಗೆ ₹25, ಅವ್ವನಿಗೆ ₹80 ಕೊಟ್ಟರೆ ಉಳಿಯೋದು ಅದೇ ₹58.

ಇನ್ನೊಂದು ಲೆಕ್ಕ. ಸಾಮಾನು, ಮನೆ ಸಾಮಾನು, ಅವ್ವನ ಕೂಲಿ ಸೇರಿ ₹260. 40 ಪ್ಲೇಟಿಗೆ ಭಾಗಿಸಿದರೆ ಪ್ಲೇಟಿಗೆ ₹6.50 ಅಸಲು. ₹10ರಂತೆ 26 ಪ್ಲೇಟ್ ಹೋದರೆ ಹಾಕಿದ್ದು ವಾಪಸ್ ಬಂತು ಅಂತ ಅರ್ಥ. ಹಾಗಾದರೆ ಕೊನೆಯ 5 ಪ್ಲೇಟನ್ನು ₹5ಕ್ಕೆ ಕೊಟ್ಟದ್ದು ತಪ್ಪಾ? ಅಲ್ಲ. ಖರ್ಚು ಆಗಲೇ ಆಗಿಹೋಗಿತ್ತು. ನಾಳೆಗೆ ಉಳಿಯದ ಪದಾರ್ಥವನ್ನು ಬಿಸಾಡೋದಕ್ಕಿಂತ ₹25 ಬಂದದ್ದು ಒಳ್ಳೆಯದೇ. ಆದರೆ ಮುಂದಿನ ಸಲ 40ರ ಬದಲು 35 ಪ್ಲೇಟ್ ಮಾಡೋಣ ಎಂಬ ತೀರ್ಮಾನ ಬರಬೇಕು.

ಅವ್ವನ ಕೆಲಸಕ್ಕೆ ಬೆಲೆ

“ಅವ್ವನಿಗೂ ಕೂಲಿ ಹಾಕಬೇಕಾ?” ಅಂತ ಮಕ್ಕಳು ನಕ್ಕರೆ, ಅಲ್ಲೇ ನಿಲ್ಲಿಸಿ ಮಾತಾಡಿ. ಬೇರೆಯವರ ಅಡಿಕೆ ಸುಲಿಯೋಕೆ ಹೋದರೆ ಸುಲಿದಷ್ಟಕ್ಕೂ ಲೆಕ್ಕ ಹಾಕಿ ಕೂಲಿ ಕೇಳ್ತೇವೆ. ಮನೆಯಲ್ಲೇ ರೊಟ್ಟಿ, ಹಪ್ಪಳ, ಚಟ್ನಿಪುಡಿ ಮಾಡಿ ಮಾರುವಾಗ ಮಾತ್ರ ನಮ್ಮ ಕೈ ಪುಕ್ಕಟೆ. ಹಿಟ್ಟಿನ ದರ ಬರೆದಿರ್ತೇವೆ, ಸೌದೆ ದರ ಬರೆದಿರ್ತೇವೆ, ಬೆಳಗಿನ ಜಾವದಿಂದ ತಟ್ಟಿದ ಕೈಗೆ ಸಾಲೇ ಇರೋದಿಲ್ಲ. ಹಾಗಾಗಿ ನಷ್ಟದ ಕಸುಬೂ ಲಾಭದ್ದಾಗಿ ಕಾಣುತ್ತೆ. ಸಾಲ ತೆಗೆದು ವರ್ಷಗಟ್ಟಲೆ ನಡೆಸಿ ಸುಸ್ತಾಗ್ತೇವೆ, ಎಲ್ಲಿ ಸೋರಿತು ಅಂತ ತಿಳಿಯೋದೇ ಇಲ್ಲ. ಮಗುವಿನ ಪುಸ್ತಕದಲ್ಲಿ ‘ಅವ್ವನ ಕೂಲಿ ₹80’ ಅಂತ ಒಂದು ಸಾಲು ಬಿದ್ದರೆ, ನಾಳೆ ಆ ಮಗು ದೊಡ್ಡದಾದ ಮೇಲೆ ಹೆಂಗಸಿನ ದುಡಿಮೆಯನ್ನು ಪುಕ್ಕಟೆ ಅಂತ ತಿಳಿಯೋದಿಲ್ಲ. ಈ ಪಾಠಕ್ಕೆ ₹58ಕ್ಕಿಂತ ಹೆಚ್ಚು ಬೆಲೆ ಇದೆ.

ನಷ್ಟವಾದ ಮಗುವಿಗೆ

ಯಾವುದಾದರೂ ಗುಂಪಿಗೆ ನಷ್ಟವಾಗಬಹುದು. ಬೈಯಬೇಡಿ, ದುಡ್ಡು ಕೊಟ್ಟು ಸಮಾಧಾನವನ್ನೂ ಮಾಡಬೇಡಿ. ಏನು ತಿಳಿಯಿತು ಅಂತ ಎಲ್ಲರ ಮುಂದೆ ಹೇಳಲು ಮೊದಲ ಅವಕಾಶ ಅವರಿಗೇ ಕೊಡಿ. ಚನ್ನಗಿರಿಯ ತುಮ್ಕೋಸ್‌ನಂಥ ದೊಡ್ಡ ಅಡಿಕೆ ಸಹಕಾರ ಸಂಘವೂ ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಲೆಕ್ಕ ಇಡಬೇಕು. ಲಾಭವಾಗಲಿ ನಷ್ಟವಾಗಲಿ, ಎದ್ದು ನಿಂತು ಓದುವವರ ಮೇಲೆ ಜನ ನಂಬಿಕೆ ಇಡ್ತಾರೆ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮೂರ ಶಾಲೆಯಲ್ಲಿ ಮಕ್ಕಳ ಸಂತೆ ಆದಾಗ ಲೆಕ್ಕ ನೋಡುವ ಸಭೆ ಆಗಿದೆಯಾ? ಶಾಲಾಭಿವೃದ್ಧಿ ಸಮಿತಿ ಮತ್ತು ಶಿಕ್ಷಕರ ಜೊತೆ ಈ ಬಗ್ಗೆ ಯಾರು ಮಾತಾಡ್ತೀರಿ?
2. ಮಕ್ಕಳ ಗುಂಪಿಗೆ ₹100 ಸಾಲ ಕೊಡಲು ನಮ್ಮ ಸಂಘ ನಿರ್ಣಯ ಬರೆಯಬಹುದಾ? ಯಾವ ಸದಸ್ಯೆ ಜವಾಬ್ದಾರಿ ತಗೋತಾರೆ?
3. ಕಸುಬು ನಡೆಸುವ ಪ್ರತಿ ಸದಸ್ಯೆ ಕಳೆದ ತಿಂಗಳ ಲೆಕ್ಕದಲ್ಲಿ ತನ್ನ ಕೂಲಿಯ ಸಾಲು ಸೇರಿಸಿ ನೋಡಲಿ. ಉಳಿಯೋದು ಎಷ್ಟು? ಉಳಿಯದಿದ್ದರೆ ದರ ಏರಿಸಬೇಕಾ, ಮಾಡುವ ಪ್ರಮಾಣ ಬದಲಿಸಬೇಕಾ, ಕಸುಬನ್ನೇ ಬದಲಿಸಬೇಕಾ?

ಮೂರನೇ ಪ್ರಶ್ನೆಯ ಉತ್ತರವನ್ನು ಮುಂದಿನ ಸಭೆಗೆ ಎಲ್ಲರೂ ಬರೆದುಕೊಂಡು ಬನ್ನಿ. ಬರೆಯಲು ಬಾರದವರು ಮಗಳ ಕೈಯಲ್ಲಿ ಬರೆಸಿ. ಅವಳಿಗೂ ಒಂದು ಪಾಠ ಆಗುತ್ತೆ.