ಯುದ್ಧಕಾಲದ ನಕ್ಷೆಯಲ್ಲಿ ಮೂರು ಗೆರೆಗಳು

ಕಲಿಕೆಯ ಉದ್ದೇಶ: ಮಾನ್ಯ ಗಡಿ, ಘೋಷಿತ ಹಕ್ಕು, ವಾಸ್ತವ ಹಿಡಿತ ಇವುಗಳ ಭೇದವನ್ನು ವಿದ್ಯಾರ್ಥಿಯು ನಕ್ಷೆಯಲ್ಲಿ ಗುರುತಿಸುವನು.

ವಿಷಯ ವಿವರಣೆ

ಪಠ್ಯಪುಸ್ತಕದ ಭೂಪಟದಲ್ಲಿ ಗಡಿ ನಿಶ್ಚಲವಾಗಿರುತ್ತದೆ. ಯುದ್ಧಕಾಲದ ನಕ್ಷೆಯಲ್ಲಿ ಬಣ್ಣವು ವಾರವಾರಕ್ಕೂ ಸರಿಯುತ್ತದೆ. ಉಕ್ರೇನಿನ 2022ನೆಯ ವರ್ಷ ಇದಕ್ಕೆ ತಕ್ಕ ನಿದರ್ಶನ.

ಕ್ರಿಮಿಯಾ 2014ರಿಂದಲೇ ರಷ್ಯಾದ ಹಿಡಿತದಲ್ಲಿತ್ತು. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಗಡಿ ದಾಟಿ ಉಕ್ರೇನಿನ ಮೇಲೆ ಹಲವು ದಿಕ್ಕುಗಳಿಂದ ಏರಿಹೋಯಿತು. ಮಾರ್ಚ್ ಆರಂಭದಲ್ಲಿ ಖೆರ್ಸೋನ್ ನಗರ ಅದರ ವಶವಾಯಿತು. ಏಪ್ರಿಲ್ ಮೊದಲ ವಾರದೊಳಗೆ ಆ ಸೇನೆ ರಾಜಧಾನಿ ಕೀವ್‌ನ ಸುತ್ತಣ ಪ್ರದೇಶದಿಂದ ಹಿಂದೆ ಸರಿಯಿತು. ಸೆಪ್ಟೆಂಬರಿನಲ್ಲಿ ಉಕ್ರೇನ್ ಖಾರ್ಕಿವ್ ಪ್ರಾಂತ್ಯದ ಬಹುಭಾಗವನ್ನು ಮರಳಿ ಪಡೆಯಿತು.

ಸೆಪ್ಟೆಂಬರ್ 30ರಂದು ರಷ್ಯಾ ನಾಲ್ಕು ಪ್ರಾಂತ್ಯಗಳು ತನ್ನವೆಂದು ಘೋಷಿಸಿತು: ದೊನೆತ್ಸ್ಕ್, ಲುಹಾನ್ಸ್ಕ್, ಝಪೋರಿಝಿಯಾ, ಖೆರ್ಸೋನ್. ಝಪೋರಿಝಿಯಾ ಪ್ರಾಂತ್ಯದ ಮುಖ್ಯ ನಗರವೇ ಅಂದು ಉಕ್ರೇನಿನ ಕೈಯಲ್ಲಿತ್ತು. ಅಕ್ಟೋಬರ್ 12ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 143 ರಾಷ್ಟ್ರಗಳು ಈ ಘೋಷಣೆಯನ್ನು ಖಂಡಿಸಿ ಮತ ನೀಡಿದವು. ಭಾರತ ಮತದಾನದಿಂದ ದೂರ ಉಳಿಯಿತು. ನವೆಂಬರ್ 11ರಂದು ಖೆರ್ಸೋನ್ ನಗರವು ಪುನಃ ಉಕ್ರೇನಿನ ವಶವಾಯಿತು. ಅಲ್ಲಿ ದ್ನಿಪ್ರೊ ನದಿಯೇ ಎರಡು ಸೇನೆಗಳ ನಡುವಣ ಗೆರೆಯಾಯಿತು.

ನಕ್ಷೆಯ ರಚನೆ

ಉಪಗ್ರಹ ಚಿತ್ರಗಳು, ವೀಡಿಯೊಗಳು ಹಾಗೂ ಉಭಯ ಸೇನೆಗಳ ಹೇಳಿಕೆಗಳು ಇಂಥ ನಕ್ಷೆಗೆ ಆಧಾರ. ವೀಡಿಯೊದಲ್ಲಿ ಕಾಣುವ ಕಟ್ಟಡ, ರಸ್ತೆ, ಮರಗಳ ಸಾಲನ್ನು ಉಪಗ್ರಹ ಚಿತ್ರದೊಡನೆ ತಾಳೆನೋಡಿ ಸ್ಥಳವನ್ನು ನಿಶ್ಚಯಿಸುತ್ತಾರೆ. ಸೇನೆಯ ಹೇಳಿಕೆಯನ್ನಷ್ಟೇ ಆಧರಿಸಿದ ಭಾಗವನ್ನು ಎಚ್ಚರವುಳ್ಳ ನಕ್ಷೆಕಾರರು ಬೇರೆ ಗುರುತಿನಿಂದ ತೋರಿಸುತ್ತಾರೆ. ದಿನಾಂಕವೂ ಆಧಾರವೂ ಇಲ್ಲದ ನಕ್ಷೆಯನ್ನು ತರಗತಿಯಲ್ಲಿ ಬಳಸಬಾರದು.

ನಕ್ಷೆಯ ಮಿತಿ

ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬನು 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದನು. ಆ ನಗರವು ಅಂದು ಉಕ್ರೇನಿನ ಹಿಡಿತದಲ್ಲಿಯೇ ಇತ್ತು. ಬಣ್ಣವು ಹಿಡಿತ ಯಾರದೆಂದು ತಿಳಿಸುತ್ತದೆ. ಅಲ್ಲಿನ ಜನ ಸುರಕ್ಷಿತರೇ ಎಂಬುದನ್ನು ತಿಳಿಸುವುದಿಲ್ಲ. ಈ ಮಾತನ್ನು ಮಕ್ಕಳಿಗೆ ತಪ್ಪದೆ ಮನವರಿಕೆ ಮಾಡಿಕೊಡಬೇಕು.

ಚಟುವಟಿಕೆ

ಉಕ್ರೇನಿನ ರೂಪರೇಖಾ ನಕ್ಷೆಯ ಮೇಲೆ ಮೂರು ಪಾರದರ್ಶಕ ಹಾಳೆಗಳನ್ನಿರಿಸಿ ಕ್ರಮವಾಗಿ ಮಾನ್ಯ ಗಡಿ, ಸೆಪ್ಟೆಂಬರ್ 30ರ ಘೋಷಣೆ, ನವೆಂಬರ್ 11ರ ಹಿಡಿತ ಇವನ್ನು ಬರೆಯಿಸಿರಿ. ಬಳಿಕ ಮೂರನ್ನೂ ಒಂದರ ಮೇಲೊಂದಿಟ್ಟು, ಖೆರ್ಸೋನ್ ನಗರವು ಪ್ರತಿ ಹಾಳೆಯಲ್ಲಿ ಯಾರ ಪಾಲಿಗೆ ಬರುತ್ತದೆಂದು ಕೇಳಿರಿ.

ಶಿಕ್ಷಕರಿಗೆ ಸೂಚನೆ

ನಮ್ಮ ಮಕ್ಕಳು ನಿತ್ಯ ಕಾಣುವ ರಾಜ್ಯಗಳ ಗಡಿಯು ಒಂದೇ ದೇಶದೊಳಗಿನ ಆಡಳಿತದ ಗೆರೆ. ಅದನ್ನು ಯುದ್ಧದ ಗೆರೆಗೆ ಹೋಲಿಸದಂತೆ ಎಚ್ಚರ ವಹಿಸಬೇಕು.