ಕ್ರೌನ್ ಪಿನಿಯನ್ ಬದಲಿಸಿದರೆ ದುಡ್ಡು ಉಳಿಯುತ್ತದೆಯೇ?

ಮೂಡಿಗೆರೆ, ಸಕಲೇಶಪುರದ ಕಡೆ ಹಳೇ ಡೀಸೆಲ್ ಜೀಪು ಇಟ್ಟುಕೊಂಡವರ ಮನೆಯಲ್ಲಿ ಕಾಫಿ ರೇಟು, ಮಳೆ, ಆನೆ ಕಾಟ ಎಲ್ಲ ಮುಗಿದ ಮೇಲೆ ಬರುವ ಮಾತು ಮೈಲೇಜಿನದು. ಆ ಮಾತು ಬಂದರೆ ಕ್ರೌನ್ ಪಿನಿಯನ್, ಅಂದರೆ ಶಾಫ್ಟಿನ ಓಟವನ್ನು ಚಕ್ರಕ್ಕೆ ದಾಟಿಸುವ ಆಕ್ಸಲ್ ಒಳಗಿನ ಹಲ್ಲುಚಕ್ರಗಳ ಜೋಡಿ, ಬಂದೇ ಬರುತ್ತದೆ. ನನ್ನ ಭಾವನಿಗೂ ಯಾರೋ ಹೇಳಿದ್ದಾರೆ: ಆಕ್ಸಲ್‌ನ ರೇಶಿಯೋ ಬದಲಿಸಿದರೆ ಜೀಪು ಕಾರಿನ ಹಾಗೆ ಓಡುತ್ತದೆ, ಡೀಸೆಲ್ಲೂ ಕಡಿಮೆ ಕುಡಿಯುತ್ತದೆ. "ಲೆಕ್ಕ ಹಾಕಿ ಹೇಳು ಮಾರಾಯ, ನೀನು ಪೇಪರಿಗೆ ಬೇರೆ ಬರೀತೀಯ" ಎಂದರು. ಹಾಕಿದೆ.

ಮೊದಲು ಜೀಪಿನಲ್ಲಿ ಈಗ ಏನಿದೆ ಎಂದು ನೋಡಬೇಕು. ಅದಕ್ಕೆ ಆಕ್ಸಲ್ ಬಿಚ್ಚಿಸಬೇಕಾಗಿಲ್ಲ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್ ಮಾಡಿ, ಹಿಂದಿನ ಒಂದು ಚಕ್ರ ನೆಲದಲ್ಲೇ ಇರುವಂತೆ ಇನ್ನೊಂದಕ್ಕೆ ಜಾಕಿ ಕೊಟ್ಟು ಎತ್ತಿದೆವು. ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಶಾಫ್ಟ್ ಐದು ಸುತ್ತು ಮುಗಿಸಿ, ಆರನೆಯದರಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಮುಂದೆ ಹೋಗಿ ನಿಂತಿತು. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಈ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ. ಅಂದರೆ ರೇಶಿಯೋ 5.38. ಒಳಗೆ 8 ಹಲ್ಲಿನ ಪಿನಿಯನ್, 43 ಹಲ್ಲಿನ ಕ್ರೌನ್. ವಿಲ್ಲೀಸ್ ಕಾಲದಿಂದ ಬಂದ ಅಳತೆ ಇದು. ಕೆಸರಿನಲ್ಲಿ, ಏರಿನಲ್ಲಿ, ಟ್ರೇಲರ್ ಕಟ್ಟಿಕೊಂಡು ಎಳೆಯಲಿ ಎಂದು ಮಾಡಿದ್ದು. ಹೆದ್ದಾರಿಯಲ್ಲಿ ಓಡಲಿ ಎಂದಲ್ಲ.

ಇದರ ಬದಲಿಗೆ ಜನ ಹಾಕಿಸುವುದು 4.88 ಅಥವಾ 4.27. ಟಾಪ್ ಗೇರಿನಲ್ಲಿ ಗಂಟೆಗೆ 60 ಕಿ.ಮೀ. ಹೋಗುವಾಗ ಜೀಪಿನ 16 ಇಂಚಿನ ಟೈರು ನಿಮಿಷಕ್ಕೆ ಸುಮಾರು 450 ಸುತ್ತು ಹಾಕುತ್ತದೆ. 5.38ರಲ್ಲಿ ಎಂಜಿನ್ 2,400ರ ಮೇಲೆ ತಿರುಗಬೇಕು. 4.88ರಲ್ಲಿ 2,200 ಸಾಕು, 4.27ರಲ್ಲಿ 1,950ರ ಒಳಗೇ ಮುಗಿಯುತ್ತದೆ. ಅದೇ ವೇಗ, ಅದೇ ರಸ್ತೆ, ಎಂಜಿನ್ನಿಗೆ ಐದನೇ ಒಂದು ಭಾಗ ಕಡಿಮೆ ಓಟ. ಪಿಸ್ಟನ್, ಬೇರಿಂಗ್‌ಗಳ ತಿಕ್ಕಾಟಕ್ಕೆ ಹೋಗುತ್ತಿದ್ದ ಡೀಸೆಲ್ಲಿನಲ್ಲಿ ಒಂದು ಪಾಲು ಉಳಿಯುತ್ತದೆ. ಇಷ್ಟರ ಮಟ್ಟಿಗೆ ಗ್ಯಾರೇಜಿನವರು ಹೇಳುವುದು ನಿಜ.

ಆದರೆ ಈ ವಿದ್ಯೆಯಿಂದ ಪೆಟ್ರೋಲ್ ಗಾಡಿಗೆ ಸಿಗುವಷ್ಟು ಲಾಭ ಡೀಸೆಲ್ಲಿಗೆ ಸಿಗುವುದಿಲ್ಲ. ಪೆಟ್ರೋಲ್ ಎಂಜಿನ್ನಿನ ಬಾಯಿಗೆ ಥ್ರಾಟಲ್ ಎಂಬ ಕದ ಇದೆ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದ್ದಾಗ ಕದ ಮುಕ್ಕಾಲು ಮುಚ್ಚಿರುತ್ತದೆ, ಆ ಸಂದಿನಲ್ಲಿ ಗಾಳಿ ಎಳೆದುಕೊಳ್ಳುವುದಕ್ಕೇ ಎಂಜಿನ್ ದುಡಿಯಬೇಕು. ಮೇಲಿನ ಗೇರಿಗೆ ಹಾಕಿ, ಆರ್‌ಪಿಎಂ ಇಳಿಸಿ, ಕಾಲು ಸ್ವಲ್ಪ ಜಾಸ್ತಿ ಒತ್ತಿದರೆ ಕದ ತೆರೆಯುತ್ತದೆ, ಆ ದಂಡದ ದುಡಿಮೆ ತಪ್ಪುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಆ ಕದವೇ ಇಲ್ಲ. ಉಳಿಯುವುದೇನಿದ್ದರೂ ತಿಕ್ಕಾಟದ್ದು.

ತೈಲ ದುಬಾರಿಯಾದ ಕಾಲದಲ್ಲಿ ಕಾರು ಕಂಪನಿಗಳೇ ಈ ದಾರಿ ಹಿಡಿದಿದ್ದವು. 1981ರ ಸುಮಾರಿಗೆ ಫೋಕ್ಸ್‌ವ್ಯಾಗನ್ 'ಫಾರ್ಮೆಲ್ ಇ' ಹೆಸರಿನ ಕಾರುಗಳನ್ನು ತಂದಿತು. ಅವುಗಳ ಕೊನೆಯ ಗೇರಿಗೆ ಅಂಕಿಯೇ ಇಲ್ಲ, 'ಇ' ಎಂಬ ಅಕ್ಷರ ಮಾತ್ರ. ವೇಗಕ್ಕಲ್ಲ, ಉಳಿತಾಯಕ್ಕೆಂದೇ ಇಟ್ಟ ಗೇರು ಅದು. ನಮ್ಮಲ್ಲಿ ಅಂಬಾಸಿಡರ್‌ಗೆ ಇಸುಜು ಎಂಜಿನ್ನಿನ ಜೊತೆ ಐದನೇ ಗೇರು ಬರುವಷ್ಟರಲ್ಲಿ 90ರ ದಶಕ ಶುರುವಾಗಿತ್ತು.

ಈಗ ದುಡ್ಡಿಗೆ ಬರೋಣ. ಭಾವನ ಜೀಪು ವರ್ಷಕ್ಕೆ 6,000 ಕಿ.ಮೀ. ಓಡುತ್ತದೆ, ಲೀಟರಿಗೆ 11 ಕೊಡುತ್ತದೆ ಎಂದಿಟ್ಟುಕೊಳ್ಳಿ. 545 ಲೀಟರ್ ಬೇಕು. ಲೀಟರಿಗೆ ₹91ರಂತೆ ₹49,600 ಆಯಿತು. ರೇಶಿಯೋ ಬದಲಿಸಿ ಮೈಲೇಜು ಶೇ 10ರಷ್ಟು ಏರಿತು ಎನ್ನೋಣ, ಇದು ನಾನು ಕೈಬಿಚ್ಚಿ ಕೊಟ್ಟ ಅಂಕಿ. ಉಳಿಯುವುದು 50 ಲೀಟರ್, ವರ್ಷಕ್ಕೆ ಹೆಚ್ಚೆಂದರೆ ₹4,500.

ಖರ್ಚು? ಗ್ಯಾರೇಜಿನಲ್ಲಿ ಹೇಳುವ ರೇಟು ಬಹಳ ಸಲ ಒಂದು ಆಕ್ಸಲ್‌ನದು. ಫೋರ್ ವೀಲ್ ಜೀಪಿನಲ್ಲಿ ಹಿಂದಿನದನ್ನು ಮಾತ್ರ ಬದಲಿಸಿ ಮುಂದಿನದನ್ನು ಹಾಗೇ ಬಿಟ್ಟರೆ, ಫೋರ್ ವೀಲ್ ಹಾಕಿದ ಕ್ಷಣದಿಂದ ಎರಡು ಆಕ್ಸಲ್‌ಗಳೂ ಒಂದನ್ನೊಂದು ಜಗ್ಗಾಡತೊಡಗುತ್ತವೆ, ಯಾವುದೋ ಒಂದು ಮುರಿಯುವ ತನಕ. ಹಾಗಾಗಿ ಎರಡು ಸೆಟ್ ಬೇಕು. ಜೊತೆಗೆ ಬೇರಿಂಗ್, ಆಯಿಲ್ ಸೀಲ್, ಶಿಮ್, ಗೇರ್ ಆಯಿಲ್. ಪಿನಿಯನ್ ಕೂರಿಸಲು ಕೈ ಪಳಗಿದ ಮೆಕ್ಯಾನಿಕ್ಕೇ ಬೇಕು. ಹಲ್ಲಿಗೆ ಬಣ್ಣ ಹಚ್ಚಿ, ತಿರುಗಿಸಿ, ಅಚ್ಚು ಎಲ್ಲಿ ಬೀಳುತ್ತದೆಂದು ನೋಡಿ ಶಿಮ್ ಹಾಕದಿದ್ದರೆ ಆಕ್ಸಲ್ ಜೀವಮಾನವಿಡೀ ಕೊಂಯ್ ಎನ್ನುತ್ತಿರುತ್ತದೆ. ಎಲ್ಲ ಸೇರಿ ₹40,000 ಎಂದುಕೊಂಡರೂ ಅಸಲು ಹುಟ್ಟಲು ಸುಮಾರು ಒಂಬತ್ತು ವರ್ಷ. ಆ ದುಡ್ಡನ್ನು ಡಿಪಾಸಿಟ್ ಇಟ್ಟರೆ ಬರುವ ಬಡ್ಡಿಯನ್ನು ನಾನಿಲ್ಲಿ ಸೇರಿಸಿಲ್ಲ, ಭಾವ ನೊಂದುಕೊಳ್ಳುತ್ತಾರೆಂದು.

ಇಷ್ಟು ಸಾಲದು ಎಂಬಂತೆ ಲಾಭ ಸೋರುವ ತೂತುಗಳೂ ಇವೆ. ತೋಟದ ಏರಿನಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಫಸ್ಟ್ ಗೇರಿನಲ್ಲಿ ಇಂಚಿಂಚು ಹತ್ತುತ್ತಿದ್ದ ಜೀಪು 4.27 ಹಾಕಿದ ಮೇಲೆ ಹಾಗೆ ತೆವಳುವುದಿಲ್ಲ. ಹಾಫ್ ಕ್ಲಚ್ ಹಿಡಿಯಬೇಕು, ಅಥವಾ ಪ್ರತಿ ಸಲ ಲೋ ಲಿವರ್ ಎಳೆಯಬೇಕು. ಒಂದು ಕ್ಲಚ್ ಪ್ಲೇಟ್ ಬೇಗ ಸುಟ್ಟರೆ ಎರಡು ವರ್ಷದ ಉಳಿತಾಯ ಅಲ್ಲಿಗೆ ಹೋಯಿತು. ಚಾರ್ಮಾಡಿ ಇಳಿಯುವಾಗ ಗೇರಿನ ಹಿಡಿತ ಸಡಿಲ, ಬ್ರೇಕಿಗೆ ಕೆಲಸ ಜಾಸ್ತಿ. ಮುಖ್ಯವಾದ ತೂತು ಬಲಗಾಲಿನದು. ಎಂಜಿನ್ ಅರಚಾಟ ಕಡಿಮೆಯಾಯಿತೆಂದು 60ರಲ್ಲಿ ಹೋಗುತ್ತಿದ್ದವರು 80ಕ್ಕೆ ಏರುತ್ತಾರೆ. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುವುದರಿಂದ ಅದು ಸುಮಾರು ಶೇ 78ರಷ್ಟು ಹೆಚ್ಚುತ್ತದೆ. ಜೀಪಿನ ಮುಂಭಾಗವೋ ಗೋದ್ರೇಜ್ ಬೀರುವಿನಷ್ಟು ನೆಟ್ಟಗಿದೆ.

ಹಾಗಾದರೆ ಇದು ಯಾರಿಗೂ ಬೇಡವೇ? ವಾರವಾರವೂ ಹಾಸನದ ಮೇಲೆ ಬೆಂಗಳೂರಿಗೆ ಹೋಗಿಬರುವ, ವರ್ಷಕ್ಕೆ 20,000 ಕಿ.ಮೀ. ಓಡಿಸುವ, ತೋಟದ ಕೆಲಸಕ್ಕೆ ಬೇರೆ ಪಿಕಪ್ ಇಟ್ಟುಕೊಂಡ ಜೀಪಿನವರಿಗೆ ಇದು ಮೂರು ವರ್ಷದೊಳಗೆ ಹುಟ್ಟುತ್ತದೆ. ಕಿವಿಗೂ ಹಿತ. ಅವರಿಗೂ ನಾನು 4.88 ಸಾಕು ಎನ್ನುತ್ತೇನೆ. ಮೀಟರಿನ ವಿಷಯ ಮಾತ್ರ ಎಚ್ಚರ. ಜೀಪಿನ ಸ್ಪೀಡೋಮೀಟರ್ ಕೇಬಲ್ ಹೊರಡುವುದು ಆಕ್ಸಲ್‌ಗಿಂತ ಮುಂಚೆಯೇ. ರೇಶಿಯೋ ಬದಲಾದ ಮೇಲೆ ಅದು ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತದೆ: 4.88 ಹಾಕಿದರೆ ಶೇ 9, 4.27 ಹಾಕಿದರೆ ಶೇ 20ಕ್ಕೂ ಮಿಕ್ಕಿ. ಮೀಟರ್ ನಂಬಿ ಟ್ಯಾಂಕ್‌ನಿಂದ ಟ್ಯಾಂಕಿಗೆ ಲೆಕ್ಕ ಹಾಕಿ, "ಮೈಲೇಜು ಇಳಿದೇ ಹೋಯ್ತು" ಎಂದು ಗ್ಯಾರೇಜಿನವರ ಮೇಲೆ ಜಗಳಕ್ಕೆ ಹೋದವರಿದ್ದಾರೆ. 5.38ರಿಂದ 4.27ಕ್ಕೆ ಬಂದವರು ಮೀಟರ್ ತೋರಿಸಿದ ಕಿ.ಮೀ.ಯನ್ನು 1.26ರಿಂದ ಗುಣಿಸಬೇಕು.

ಇನ್ನು ನನ್ನಂತೆ ಐದು ಗೇರಿನ ಪೆಟ್ರೋಲ್ ಕಾರು ಇರುವವರು ಏನನ್ನೂ ಬಿಚ್ಚಿಸುವ ಅಗತ್ಯವಿಲ್ಲ. 80ರಲ್ಲಿ ನಾಲ್ಕನೇ ಗೇರಿಗೆ ನನ್ನ ಕಾರಿನ ಮುಳ್ಳು 2,900ರ ಹತ್ತಿರ ನಿಲ್ಲುತ್ತದೆ, ಐದಕ್ಕೆ ಹಾಕಿದರೆ 2,300. ಕಾರು ಕೊಳ್ಳುವಾಗಲೇ ದುಡ್ಡು ಕೊಟ್ಟ ಗೇರು ಅದು. ಸಿಟಿಯಲ್ಲಿ 50 ದಾಟಿದರೂ ಮೂರರಲ್ಲೇ ಎಳೆಯುವವರನ್ನು ದಿನಾ ನೋಡುತ್ತೇನೆ. ಕೆಎಸ್‌ಆರ್‌ಟಿಸಿ ಡ್ರೈವರನ ಪಕ್ಕ ಕೂತು ನೋಡಿ, ಕೆಎಂಪಿಎಲ್ (ಲೀಟರಿಗೆ ಎಷ್ಟು ಕಿ.ಮೀ.) ಲೆಕ್ಕ ಒಪ್ಪಿಸಬೇಕಾದವರು ಎಷ್ಟು ಬೇಗ ಮೇಲಿನ ಗೇರಿಗೆ ಹೋಗುತ್ತಾರೆಂದು. ಎಂಜಿನ್ ನಡುಗಿದರೆ, ನಾಕಿಂಗ್ ಕೇಳಿದರೆ ಒಂದು ಗೇರು ಇಳಿಸಿ, ಅಷ್ಟೇ.

ಭಾವನಿಗೆ ಹೇಳಿದ್ದು ಇದು: ಈಗ ಮುಟ್ಟಬೇಡಿ. ಕ್ರೌನ್ ಹಲ್ಲು ಸವೆದು ಹೇಗೂ ಆಕ್ಸಲ್ ಇಳಿಸುವ ದಿನ ಬಂದರೆ, ಆಗ ಅದಕ್ಕೆ ಮಜೂರಿ ಕೊಡಲೇಬೇಕಲ್ಲ, ಆವತ್ತು 4.88 ಕೇಳಿ. ಅವರು ಒಪ್ಪಿದ್ದಾರೆ. ಈಗ ಟೈರು ಒಂದು ಸೈಜು ದೊಡ್ಡದು ಹಾಕಿಸಿದರೆ ಹೇಗೆ ಎಂದು ಕೇಳುತ್ತಿದ್ದಾರೆ.