ಕೆಂಪು ಶಾಯಿಗೆ ಮುಂಚೆ

ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಗುವಿನ ಜೊತೆ ತುಳುವೋ ಮಲಯಾಳವೋ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ ಬೆಂಚಿನಲ್ಲಿ ಕೂತಿರುತ್ತದೆ. ತಿದ್ದುವ ಮಾಷ್ಟ್ರು, ಟೀಚರುಗಳಿಗೆ ಕೆಲವು ಸೂತ್ರಗಳು.

1. ತಪ್ಪು ಯಾವ ಮನೆಯಿಂದ ಬಂತೆಂದು ನೋಡಿ. 'ಅಕ್ಕ ಶಾಲೆಗೆ ಹೋಯಿತು' ಎಂದು ಬರೆದವನು ದಡ್ಡನಲ್ಲ. ಹವ್ಯಕ ಮನೆಮಾತಿನಲ್ಲಿ ಅಕ್ಕನಿಗೆ ಅದೇ ಸರಿ. 'ಅವಳು ಬಂದ' ಎಂದವಳ ಮನೆಮಾತು ಮಲಯಾಳವಿರಬಹುದು. ಅಲ್ಲಿ ಅವನಿಗೂ ಅವಳಿಗೂ ಕ್ರಿಯಾಪದ 'ವನ್ನು' ಒಂದೇ. ತುಳು ಮನೆಯ ಮಗು 'ಬಾರತ' ಎಂದು ಬರೆದರೆ, ಅದರ ಆಡುಮಾತಿನಲ್ಲಿ ಮಹಾಪ್ರಾಣಕ್ಕೆ ಕೆಲಸವೇ ಇಲ್ಲ. ಕಾಯಿಲೆ ಮೂರು, ಮದ್ದೂ ಮೂರು.

2. 'ಕ್ಲಾಸಿನಲ್ಲಿ ಸಂಸಾರ ಮಾಡಬಾರದು' ಎಂದು ಬರೆದರೆ ನಗು ತಡೆಯುವುದು ಕಷ್ಟ, ಒಪ್ಪಿದೆ. ಮಲಯಾಳದಲ್ಲಿ ಸಂಸಾರವೆಂದರೆ ಮಾತು, ಅವಸರವೆಂದರೆ ಅವಕಾಶ. ಎರಡೂ ಭಾಷೆಯ ಅರ್ಥವನ್ನು ಬೋರ್ಡಿನಲ್ಲಿ ಬರೆಯಿರಿ. ಆಮೇಲೆ ಎಲ್ಲರೂ ನಗಲಿ, ಬರೆದ ಮಗುವೂ ಸೇರಿ.

3. ತಾಳಮದ್ದಳೆಯ ವಾಗ್ವಾದವನ್ನು ತರಗತಿಗೆ ತರಬೇಡಿ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತು ಕೇಳಿ ಬೆಳೆದವರಿಗೆ ಎದುರಾಳಿಯ ಒಂದು ಪದ ಹಿಡಿದು ಜಗ್ಗುವುದರಲ್ಲೇ ರುಚಿ. ಆದರೆ ಅಲ್ಲಿ ಎದುರಿಗಿರುವುದು ಸಮಬಲದ ಅರ್ಥಧಾರಿ, ಇಲ್ಲಿ ಐದನೇ ಕ್ಲಾಸಿನ ಮಗು. ಕಲಿಯುವುದಾದರೆ ಯಕ್ಷಗಾನದ ಆಟದಲ್ಲಿ ಹಾಡುವ ಭಾಗವತರಿಂದ ಕಲಿಯಿರಿ: ವೇಷಧಾರಿ ತಡವರಿಸಿದರೆ ಪದ ಎತ್ತಿಬಿಡುತ್ತಾರೆ, ಆಟ ಸಾಗುತ್ತದೆ.

4. ಬಾಯಿಪಾಠದ ಶಿಸ್ತು ಗಣಿತಕ್ಕೆ ಬೇಡ. ಮದ್ರಸದ ಕುರ್‌ಆನ್ ಪಾರಾಯಣವಿರಲಿ, ವಟುವಿನ ಮಂತ್ರಪಾಠವಿರಲಿ, ಉಚ್ಚಾರ ತಪ್ಪಿದಲ್ಲೇ ತಡೆದು ತಿದ್ದುತ್ತಾರೆ. ಅಲ್ಲಿ ಅದು ಸರಿ. ಆದರೆ ಅರ್ಧಕ್ಕೆ ಮೂರನೇ ಒಂದು ಸೇರಿಸಿ ಐದನೇ ಎರಡು ಎಂದ ಮಗುವನ್ನು ತಡೆಯಬೇಡಿ, ಬೋರ್ಡಿನಲ್ಲಿ ಬರೆಸಿ. 'ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾದದ್ದು ಹೇಗೆ?' ಎಂದು ಕೇಳಿ ಸುಮ್ಮನಿರಿ. ಜಪಾನಿನ ಗಣಿತ ತರಗತಿಗಳಲ್ಲಿ ತಪ್ಪು ಲೆಕ್ಕವನ್ನೂ ಹೀಗೆ ಬೋರ್ಡಿನಲ್ಲಿಟ್ಟು ಚರ್ಚಿಸುವ ರೂಢಿಯಿದೆ.

5. ನಿಮಗೆ ಅರ್ಥವಾಗದ ಉತ್ತರಕ್ಕೆ ಸೊನ್ನೆ ಕೊಡಬೇಡಿ. ಕನ್ನಡ ಬಾರದ ಶಿಕ್ಷಕರ ನೇಮಕದ ವಿರುದ್ಧ ಇಲ್ಲಿ ಮತ್ತೆ ಮತ್ತೆ ಪ್ರತಿಭಟನೆ ನಡೆದಿದೆ. 2018ರಲ್ಲಿ ರಿಷಬ್ ಶೆಟ್ಟಿ ಅದನ್ನೇ ಸಿನಿಮಾ ಮಾಡಿದರು. ಅಂಥ ಶಿಕ್ಷಕರ ತರಗತಿಯಲ್ಲಿ ತಪ್ಪು ಮಗುವಿನದಲ್ಲ, ನೇಮಕಾತಿಯದು. ಅದಕ್ಕೆ ನನ್ನಲ್ಲಿ ಸೂತ್ರವಿಲ್ಲ.

6. ಬೆತ್ತ ಬಿಟ್ಟರೆ ಸಾಲದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 'ನಿನ್ನ ಅಣ್ಣ ಹೀಗಿರಲಿಲ್ಲ' ಎನ್ನುವ ಮುನ್ನ ಅದು ನೆನಪಿರಲಿ.

7. ಆಗಾಗ ಬೋರ್ಡಿನಲ್ಲಿ ಬೇಕೆಂದೇ ತಪ್ಪು ಬರೆಯಿರಿ. ಗುರುಗಳಿಗೆ ಎದುರಾಡಬಾರದೆಂದು ಮನೆಯಲ್ಲಿ ಕಲಿತ ಮಕ್ಕಳು ಮೊದಲ ಸಲ ಅದನ್ನು ಹಾಗೆಯೇ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಎರಡನೇ ಸಲ ಹಿಂದಿನ ಬೆಂಚಿನಲ್ಲಿ ಪಿಸುಪಿಸು ಕೇಳಬಹುದು. ಕೇಳಿದರೆ ಏನೂ ಹೇಳಬೇಡಿ, ಸೀಮೆಸುಣ್ಣವನ್ನು ಆ ಬೆಂಚಿಗೆ ಕೊಟ್ಟುಬಿಡಿ.